ನಿಮಗಿದು ಗೊತ್ತೇ? ಮನೆ ಸೋರುವುದು ನೆತ್ತಿಯಿಂದ

◆ ನಮ್ಮ ಕಡೆ ‘ಚಿಮಣಿ’ ಎಂದರೆ ಹೊಗೆ ಹೋಗುವ ಗೂಡಲ್ಲ, ದೀಪ. ಕಂಪ್ಲಿ, ಹೊಸಪೇಟೆ, ಸಂಡೂರು ಯಾವ ಊರಿನ ಹಿರಿಯರನ್ನು ಕೇಳಿದರೂ ಚಿಮಣಿ ಅಂದರೆ ಬುಡ್ಡಿ, ಚಿಮಣಿ ಎಣ್ಣೆ ಅಂದರೆ ಸೀಮೆಎಣ್ಣೆ. ಕಂದೀಲಿನ ಗಾಜಿನ ಕೊಳವೆಗೆ ಇಂಗ್ಲಿಷರು ಇಟ್ಟ ಹೆಸರು ನಮ್ಮಲ್ಲಿ ದೀಪಕ್ಕೇ ಅಂಟಿಕೊಂಡಿತು. ಹೊಗೆಯ ದಾರಿಗೆ ಹೊಸ ಹೆಸರು ಬೇಕಿರಲಿಲ್ಲ, ಗವಾಕ್ಷಿ ಎಂಬ ಹಳೆಯ ಹೆಸರು ಇದ್ದೇ ಇತ್ತು. ಬೆಳಕಿಂಡಿ ಎಂದೂ ಅನ್ನುತ್ತಾರೆ.

◆ ಗವಾಕ್ಷ ಎಂದರೆ ಗೋವಿನ ಕಣ್ಣು. ಮಾಳಿಗೆ ಮನೆಯ ಒಳಗೆ ನಿಂತು ಮೇಲೆ ನೋಡಿದವರಿಗೆ ಈ ಹೆಸರಿನ ಸತ್ಯ ತಿಳಿಯುತ್ತದೆ. ಕತ್ತಲೆಯ ನಡುವೆ ದುಂಡನೆಯ ಬೆಳಕು, ಎತ್ತಿನ ಕಣ್ಣಿನಷ್ಟೇ ಶಾಂತ.

◆ ಕಂಪ್ಲಿ ತಾಲ್ಲೂಕಿನ ಮೆಟ್ರಿಯಂಥ ಊರುಗಳ ಹಳೆಯ ಮನೆಗಳ ಮೇಲೆ ಹೆಂಚಿಲ್ಲ, ಇಳಿಜಾರೂ ಇಲ್ಲ. ಕಂಬ, ಬೋದಿಗೆ, ತೊಲೆ, ಜಂತಿ. ಜಂತಿಯ ಮೇಲೆ ಸಣ್ಣ ಕಟ್ಟಿಗೆ ಇಲ್ಲವೇ ಕಲ್ಲಿನ ಚಪ್ಪಡಿ, ಅದರ ಮೇಲೆ ಸೊಪ್ಪು ಸದೆ, ಅದರ ಮೇಲೆ ಮಣ್ಣು. ಸುತ್ತ ಮೊಣಕಾಲೆತ್ತರದ ಕುಂಬಿ. ನೀರು ಹೊರಹೋಗಲು ಕಲ್ಲಿನ ದೋಣಿ. ನಡುವೆ ಗವಾಕ್ಷಿ. ಮಲೆನಾಡಿನವರು ನೋಡಿದರೆ, ಮಣ್ಣಿನ ಮೇಲೆ ಮಳೆ ಬಿದ್ದರೆ ಕೆಳಗೆ ಮಲಗುವುದು ಹೇಗೆ ಎಂದು ಕೇಳುತ್ತಾರೆ. ಅದಕ್ಕೆ ಉತ್ತರ ಮಣ್ಣಿನಲ್ಲೇ ಇದೆ.

◆ ಹೊಲಕ್ಕೆ ಶತ್ರುವಾದ ಮಣ್ಣೇ ಮಾಳಿಗೆಗೆ ಮಿತ್ರ. ನೆತ್ತಿಗೆ ಹಾಕುವುದು ಕೆಂಪು ಮಣ್ಣಲ್ಲ, ಎರೆ ಮಣ್ಣಲ್ಲ, ಸವಳು ಮಣ್ಣು; ಕೆಲವರ ಬಾಯಲ್ಲಿ ಚೌಳು, ಇನ್ನು ಕೆಲವರ ಬಾಯಲ್ಲಿ ಕರಲು. ಬೆಳೆ ಬಾರದೆ, ಬೇಸಿಗೆಯಲ್ಲಿ ಬೂದಿ ಚೆಲ್ಲಿದಂತೆ ಬೆಳ್ಳಗೆ ಕಾಣುವ ನೆಲದಿಂದ ಅದನ್ನು ಬಂಡಿಯಲ್ಲಿ ತುಂಬಿ ತರುತ್ತಾರೆ. ಈ ಮಣ್ಣಿನಲ್ಲಿ ಸೋಡಿಯಂ ಹೆಚ್ಚು. ಸುಣ್ಣದ ಅಂಶ ಅಂದರೆ ಕ್ಯಾಲ್ಸಿಯಂ ಇರುವ ಜೇಡಿಯ ಕಣಗಳು ಒಂದಕ್ಕೊಂದು ಅಂಟಿ ಸಣ್ಣ ಸಣ್ಣ ಹರಳಾಗುತ್ತವೆ, ಹರಳುಗಳ ನಡುವಿನ ಸಂದಿನಲ್ಲಿ ನೀರು ಇಳಿಯುತ್ತದೆ. ಸೋಡಿಯಂ ಸೇರಿದರೆ ಕಣಗಳು ಬಿಡಿ ಬಿಡಿಯಾಗಿ ಚೆದುರಿ, ನೀರು ಬಿದ್ದ ಕೂಡಲೇ ಸಂದುಗಳಿಗೆ ಹೋಗಿ ಕೂರುತ್ತವೆ. ಮೊದಲ ನಾಲ್ಕು ಹನಿಗೆ ನೆತ್ತಿ ಮೆತ್ತಗಾಗುತ್ತದೆ, ಐದನೆಯದಕ್ಕೆ ಬಾಗಿಲು ಮುಚ್ಚುತ್ತದೆ. ತುಂಗಭದ್ರಾ ಕಾಲುವೆಯ ನೀರು ಹೆಚ್ಚಾಗಿ ಸವಳಾದ ಗದ್ದೆಗಳಲ್ಲಿ ರೈತರನ್ನು ಅಳಿಸುವ ಗುಣವೂ ಇದೇ. ಅಲ್ಲಿ ನೀರು ಇಂಗುವುದಿಲ್ಲ ಎಂಬ ಕಷ್ಟ, ಇಲ್ಲಿ ಇಂಗುವುದಿಲ್ಲ ಎಂಬ ನೆಮ್ಮದಿ. ಇದನ್ನು ಪ್ರಯೋಗಾಲಯವಿಲ್ಲದೆ ಕಂಡುಕೊಂಡ ನಮ್ಮ ಹಿರಿಯರ ಬಗ್ಗೆ ನನಗೆ ಇರುವ ಗೌರವ ಸಣ್ಣದಲ್ಲ.

◆ ಒಂದು ಚದರ ಮೀಟರ್ ಜಾಗದ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ ಅದು ಸರಿಯಾಗಿ 1 ಲೀಟರ್ ನೀರು. 20 ಅಡಿ ಅಗಲ, 30 ಅಡಿ ಉದ್ದದ ಮಾಳಿಗೆಯ ಮೇಲೆ ಒಂದು ಸಂಜೆ 50 ಮಿಲಿಮೀಟರ್ ಸುರಿದರೆ ಬಿದ್ದದ್ದು ಸುಮಾರು 2,800 ಲೀಟರ್. ಎರಡೂ ಮುಕ್ಕಾಲು ಟನ್ನಿಗಿಂತ ಹೆಚ್ಚಿನ ಭಾರ ಒಂದೇ ಸಂಜೆಯಲ್ಲಿ ನೆತ್ತಿಯ ಮೇಲೆ ಬಂದು, ದೋಣಿಯ ಬಾಯಲ್ಲಿ ಇಳಿದು ಹೋಗಬೇಕು. ದೋಣಿಯ ಬಾಯಿಗೆ ಒಂದು ಹಿಡಿ ಕಸ ಸಿಕ್ಕಿಕೊಂಡರೆ ಸಾಕು, ಆ ಭಾರ ಅಲ್ಲೇ ನಿಲ್ಲುತ್ತದೆ.

◆ ಅದೇ ಮಾಳಿಗೆಯ ಮೇಲೆ ಅರ್ಧ ಅಡಿ ಮಣ್ಣಿದ್ದರೆ ಮಣ್ಣಿನ ತೂಕವೇ ಸುಮಾರು 13 ಟನ್. ಸೋರುತ್ತದೆ ಎಂದು ಪ್ರತಿವರ್ಷ ಒಂದೊಂದು ಇಂಚು ಮಣ್ಣು ಮೇಲಕ್ಕೆ ಸುರಿಯುತ್ತ ಹೋದರೆ ವರ್ಷಕ್ಕೆ ಎರಡು ಟನ್ನಿಗಿಂತ ಹೆಚ್ಚು ಭಾರ ಸೇರಿಸಿದಂತೆ. ತೊಲೆ ಬಾಗುತ್ತದೆ, ನಡುವೆ ತಗ್ಗು ಬೀಳುತ್ತದೆ, ತಗ್ಗಿನಲ್ಲಿ ನೀರು ನಿಲ್ಲುತ್ತದೆ, ಇನ್ನಷ್ಟು ಸೋರುತ್ತದೆ. ಹಳೆಯದನ್ನು ಕೆರೆದು ತೆಗೆದು ಹೊಸದು ಹಾಕುವುದೇ ಸರಿ.

◆ ಈಗ ಗವಾಕ್ಷಿಗೆ ಬರೋಣ, ನೀರು ಒಳಬರುವ ಮೊದಲ ಬಾಗಿಲು ಅದೇ. ಒಲೆಯ ಮೇಲೆ, ಜಂತಿಗಳ ನಡುವೆ ಒಂದು ಮೊಳದ ಕಂಡಿ ಬಿಟ್ಟು, ತಳ ಒಡೆದ ಗಡಿಗೆಯನ್ನು ಅದರಲ್ಲಿ ಕೂರಿಸುತ್ತಾರೆ. ಗಡಿಗೆಯ ಕಂಠ ಮಾಳಿಗೆಯ ಮಣ್ಣಿಗಿಂತ ಒಂದು ಗೇಣು ಮೇಲೆ ನಿಲ್ಲಬೇಕು, ಹರಿಯುವ ನೀರು ಒಳಗೆ ಇಣುಕಬಾರದು. ಸುತ್ತ ಮಣ್ಣನ್ನು ದಿಬ್ಬದಂತೆ ಒತ್ತಿ ಇಳಿಜಾರು ಕೊಡುತ್ತಾರೆ. ಮಳೆ ಬಂದಾಗ ಮೇಲೆ ಒಂದು ಚಪ್ಪಡಿ. ಮೋಡ ಕಪ್ಪಾದ ಕೂಡಲೇ ನಮ್ಮ ಅಜ್ಜಿಯ ಕೂಗು ಅಂಗಳಕ್ಕೆ ಕೇಳುತ್ತಿತ್ತು: “ಏ ತಮ್ಮಾ, ಮಾಳಿಗಿ ಹತ್ತು, ಗವಾಕ್ಷಿ ಮುಚ್ಚಿ ಬಾ, ಒಲಿ ಆರ್ತೈತಿ!” ಆ ಚಪ್ಪಡಿಯ ಕೆಳಮೈ ಕಾಡಿಗೆಯಂತೆ ಕಪ್ಪು, ಮೇಲ್ಮೈ ಬಿಸಿಲಿಗೆ ಬೆಳ್ಳಗೆ. ಎತ್ತಿ ಇಟ್ಟ ಮೇಲೆ ಅಂಗೈಗೆ ಹತ್ತಿದ ಮಸಿ ಎರಡು ದಿನ ಹೋಗುತ್ತಿರಲಿಲ್ಲ.

◆ ಗಡಿಗೆ ಒಡೆಯುವುದು ಅಪರೂಪ. ನೀರು ಇಳಿಯುವುದು ಗಡಿಗೆಗೂ ಮಣ್ಣಿಗೂ ನಡುವೆ ಇರುವ ಗೆರೆಯಲ್ಲಿ. ಸುಟ್ಟ ಮಣ್ಣು ಒಂದು ಅಳತೆಗೆ ಹಿಗ್ಗುತ್ತದೆ, ಹಸಿ ಮಣ್ಣು ಇನ್ನೊಂದು ಅಳತೆಗೆ. ಕೆಳಗೆ ಒಲೆ, ಮೇಲೆ ಬಿಸಿಲು. ಹಸಿ ಮಣ್ಣು ಒಣಗಿದಾಗ ಕುಗ್ಗಿ ಗಡಿಗೆಯಿಂದ ದೂರ ಸರಿಯುತ್ತದೆ. ಉಗುರು ತೂರುವಷ್ಟು ಬಿರುಕು, ಅಷ್ಟೆ. ಚಳಿ ದೇಶಗಳ ಇಟ್ಟಿಗೆ ಚಿಮಣಿಗಳಲ್ಲೂ ಹೆಚ್ಚು ಸೋರುವ ಜಾಗಗಳಲ್ಲಿ ಒಂದು ಇದೇ: ಚಿಮಣಿ ಚಾವಣಿಯನ್ನು ತೂರಿ ಹೊರಬರುವ ಸಂದು. ಅಲ್ಲಿಯವರು ಆ ಸಂದಿಗೆ ಸೀಸದ ತಗಡು ಮಡಿಸಿ ಹೊದಿಸುತ್ತಾರೆ. ನಮ್ಮವರು ಸೆಗಣಿ ಬೆರೆಸಿದ ಮಣ್ಣನ್ನು ಬೆರಳಿನಿಂದ ತೀಡಿ ತುಂಬುತ್ತಿದ್ದರು. ಸೆಗಣಿಯ ನಾರು ಒಣಗುವ ಮಣ್ಣನ್ನು ಹಿಡಿದಿಟ್ಟು ಬಿರುಕು ಕಡಿಮೆ ಮಾಡುತ್ತದೆ.

◆ ಒಂದು ವರ್ಷ ನಮ್ಮ ಮನೆಯವರು, ಪ್ರತಿಸಲ ಮಣ್ಣು ತೀಡುವ ರಗಳೆ ಬೇಡವೆಂದು ಗಡಿಗೆಯ ಸುತ್ತ ಸಿಮೆಂಟು ಮೆತ್ತಿಸಿದರು. ನೋಡಲು ಗಟ್ಟಿ, ಅಚ್ಚುಕಟ್ಟು. ಮುಂದಿನ ಹಸ್ತ ಮಳೆಗೆ ಒಲೆಯ ಮೇಲಿನ ಜಂತಿ ತೊಯ್ದು ತೊಟ್ಟಿಕ್ಕಿತು. ಸಿಮೆಂಟು ಬಗ್ಗುವುದಿಲ್ಲ, ಕೆಳಗಿನ ಮಣ್ಣು ಕುಗ್ಗಿದಾಗ ಜೊತೆಗೆ ಸರಿಯುವುದಿಲ್ಲ. ಅದು ಮೇಲೆ ಹಾಗೇ ನಿಂತಿತು, ಕೆಳಗೆ ಪೊಳ್ಳಾಯಿತು, ಕೂದಲೆಳೆಯಂಥ ಒಂದು ಸೀಳಿನಲ್ಲಿ ಇಳಿದ ನೀರಿಗೆ ಮತ್ತೆ ಆವಿಯಾಗಿ ಹೊರಬರುವ ದಾರಿಯೂ ಇಲ್ಲವಾಯಿತು. ಒಂದು ಸುತ್ತಿಗೆ ಏಟಿಗೆ ಬಿಲ್ಲೆಯಂತೆ ಎದ್ದು ಬಂದ ಸಿಮೆಂಟಿನ ಕೆಳಗೆ ಮಣ್ಣು ಅಂಬಲಿಯಂತಾಗಿತ್ತು. ಆ ಜಂತಿಯ ತುದಿಯನ್ನು ಬೆರಳಿನಿಂದ ಒತ್ತಿದರೆ ಒಳಗೆ ಹೋಗುತ್ತಿತ್ತು.

◆ ಮಳೆಯ ನೀರಷ್ಟೇ ಅಲ್ಲ, ಹೊಗೆಯಲ್ಲೂ ನೀರಿದೆ. ಒಂದು ಕಿಲೋ ಒಣ ಸೌದೆ ಉರಿದರೆ ಸುಮಾರು ಅರ್ಧ ಲೀಟರ್ ನೀರು ಆವಿಯಾಗಿ ಹುಟ್ಟುತ್ತದೆ. ಸೌದೆಯಲ್ಲಿರುವ ಹೈಡ್ರೋಜನ್ ಗಾಳಿಯ ಆಮ್ಲಜನಕವನ್ನು ಕೂಡಿ ಆಗುವ ನೀರು ಅದು. ಹೊಗೆ ಹೋಗುವ ಇಟ್ಟಿಗೆ ಚಿಮಣಿಯ ತುದಿ ತಣ್ಣಗಿದ್ದರೆ ಅದು ಅಲ್ಲೇ ಹನಿಗಟ್ಟುತ್ತದೆ, ಹೊಗೆಯ ಆಮ್ಲವನ್ನೂ ಮಸಿಯನ್ನೂ ಬೆರೆಸಿಕೊಂಡು ಗಾರೆಯೊಳಗೆ ಇಳಿಯುತ್ತದೆ. ಅಡುಗೆಮನೆಯ ಮೂಲೆಯ ಗೋಡೆಯ ಮೇಲೆ ಕಂದು ಗೆರೆಗಳು ಇಳಿದಿದ್ದರೆ ಅದು ಮಳೆಯ ಗುರುತಾಗಿರಬಹುದು, ಹೊಗೆಯ ಬೆವರಿನದೂ ಆಗಿರಬಹುದು.

◆ ಆದರೂ ಆರಿದ ಒಲೆ ಉರಿಯುವ ಒಲೆಗಿಂತ ಅಪಾಯ. ಉರಿಯಿದ್ದರೆ ಬಿಸಿಗಾಳಿ ದಿನವೂ ಚಿಮಣಿಯನ್ನು ಒಳಗಿನಿಂದ ಒಣಗಿಸುತ್ತದೆ. ಬೆಂಕಿ ನಿಂತ ಕಾರ್ಖಾನೆಯ ಚಿಮಣಿ, ಅಕ್ಕಿ ಗಿರಣಿಯ ಚಿಮಣಿ, ಹಳೆಯ ಇಟ್ಟಿಗೆ ಭಟ್ಟಿಯ ಚಿಮಣಿ ಕುಡಿದ ನೀರನ್ನು ಬೇಗ ಬಿಡಲಾರದೆ ನೆತ್ತಿಯಿಂದಲೇ ಇಟ್ಟಿಗೆ ಇಟ್ಟಿಗೆಯಾಗಿ ಕಳಚುತ್ತದೆ. ಮಾಳಿಗೆಗೂ ಹಾಗೆ. ಗ್ಯಾಸ್ ಬಂದು ಒಲೆಯ ಹೊಗೆ ನಿಂತ ಮೇಲೆ ಜಂತಿಗಳಿಗೆ ಹುಳ ಹತ್ತಿತು ಎನ್ನುವ ಹಿರಿಯರ ಮಾತನ್ನು ನಾನು ಬಹಳ ಸಲ ಕೇಳಿದ್ದೇನೆ. ಹೊಗೆಯ ಟಾರಿನಂಥ ಅಂಶ ಮರದ ಮೇಲೆ ಪದರವಾಗಿ ಕೂರುತ್ತದೆ, ಹುಳಕ್ಕೆ ಅದು ಸೇರುವುದಿಲ್ಲ. ಆದರೆ ಆ ಹೊಗೆಯನ್ನು ನಮ್ಮ ತಾಯಂದಿರು ಕಣ್ಣಿನಲ್ಲೂ ಎದೆಯಲ್ಲೂ ತುಂಬಿಕೊಂಡರು. ಗ್ಯಾಸ್ ಬಂದದ್ದು ಒಳ್ಳೆಯದೇ ಆಯಿತು. ಜಂತಿಗೆ ಬೇರೆ ಮದ್ದು ಇದೆ.

◆ ಗೋಡೆಗೆ ಮಳೆ ತಾಗುವುದು ಒಂದು ಮುಖಕ್ಕೆ. ಚಿಮಣಿಯ ತುದಿಗೆ ಐದು ಮುಖಕ್ಕೆ: ನಾಲ್ಕು ಮಗ್ಗುಲು, ಒಂದು ನೆತ್ತಿ. ಕುಂಬಿಗೆ ಮೂರು. ಕಟ್ಟಡದಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಯುವುದು, ತೊಯ್ಯುವುದು, ಗಾಳಿಗೆ ಸಿಗುವುದು ಅದೇ ಭಾಗ. ಗೌಂಡಿ ಎಲ್ಲಕ್ಕಿಂತ ಕೊನೆಗೆ ಮುಟ್ಟುವುದೂ, ಮನೆಯೊಡೆಯ ಎಂದಿಗೂ ಹತ್ತಿ ನೋಡದಿರುವುದೂ ಅದನ್ನೇ.

◆ ಸುಟ್ಟ ಇಟ್ಟಿಗೆ ಕಲ್ಲಲ್ಲ, ಗಟ್ಟಿಯಾದ ಸ್ಪಂಜು. ಸಾಮಾನ್ಯ ಇಟ್ಟಿಗೆಯನ್ನು 24 ಗಂಟೆ ನೀರಿನಲ್ಲಿ ಮುಳುಗಿಸಿಟ್ಟರೆ ತನ್ನ ತೂಕದ ಶೇ 20ಕ್ಕಿಂತ ಹೆಚ್ಚು ನೀರು ಕುಡಿಯಬಾರದು ಎಂದು ಭಾರತೀಯ ಮಾನಕ ಹೇಳುತ್ತದೆ. ಅಂದರೆ ಪರೀಕ್ಷೆಯಲ್ಲಿ ಪಾಸಾದ ಮೂರು ಕಿಲೋದ ಇಟ್ಟಿಗೆಯೂ ಅರ್ಧ ಲೀಟರಿಗಿಂತ ಹೆಚ್ಚು ನೀರನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಬಲ್ಲದು. ಹಂಪಿಯ ಕಣಶಿಲೆ ಕುಡಿಯುವುದು ಶೇ 1ಕ್ಕಿಂತ ಕಡಿಮೆ.

◆ ಈ ಒಂದು ಲೆಕ್ಕ ತಿಳಿದು ಹಂಪಿಗೆ ಹೋದರೆ ಹಾಳು ಬೇರೆಯಾಗಿ ಕಾಣುತ್ತದೆ. ಗೋಪುರಗಳ ಕೆಳಭಾಗ ಕಲ್ಲು, ಮೇಲಿನ ನೆಲೆಗಳು ಇಟ್ಟಿಗೆ ಮತ್ತು ಗಾರೆ. ಅಷ್ಟೆತ್ತರಕ್ಕೆ ಕಲ್ಲು ಏರಿಸಿದರೆ ಬುಡಕ್ಕೆ ಬಹಳ ಭಾರ, ಗಾರೆಯಲ್ಲಾದರೆ ಬೊಂಬೆಗಳನ್ನು ಕೈಯಲ್ಲೇ ತಿದ್ದಬಹುದು. ಉದಯಗಿರಿಯ ವಿಜಯದ ನಂತರ ಕೃಷ್ಣದೇವರಾಯ ಕಟ್ಟಿಸಿದ ಕೃಷ್ಣ ದೇವಾಲಯದ ಗೋಪುರವನ್ನು ನೋಡಿ. ಗಾರೆಯ ಸೈನಿಕರು, ಕುದುರೆಗಳು ಅರ್ಧ ಕರಗಿವೆ. ಕೆಳಗಿನ ಕಲ್ಲಿನ ಕೆತ್ತನೆ ನಿನ್ನೆ ಉಳಿ ಇಳಿಸಿದಂತಿದೆ. ವಿಠ್ಠಲ ದೇವಾಲಯದ ಗೋಪುರಗಳ ತಲೆಗಳೂ ಹಾಗೆಯೇ ಸವೆದಿವೆ. ಹಂಪಿಯಲ್ಲಿ ಹಾಳಾದದ್ದನ್ನೆಲ್ಲ 1565ರ ಯುದ್ಧದ ತಲೆಗೆ ಕಟ್ಟುವುದು ರೂಢಿ. ಕತ್ತಿ, ಬೆಂಕಿ ಮಾಡಿದ್ದು ಬಹಳ ಇದೆ, ಅದು ನಿಜ. ಆದರೆ ಆಮೇಲಿನ ನಾಲ್ಕೂವರೆ ಶತಮಾನಗಳ ಮಳೆ ಮಾಡಿದ್ದೂ ಕಡಿಮೆಯಲ್ಲ, ಅದು ಮೇಲಿನಿಂದ ಕೆಳಕ್ಕೆ ಬಂತು.

◆ ವಿರೂಪಾಕ್ಷ ದೇವಾಲಯದ ಬಿಷ್ಟಪ್ಪಯ್ಯ ಗೋಪುರದ ಎತ್ತರ ಸುಮಾರು 50 ಮೀಟರ್. ಅದು ಇಂದಿಗೂ ಬೆಳ್ಳಗೆ ನಿಂತಿದೆ. ಕಾರಣ ಸರಳ. ಪೂಜೆ ನಿಲ್ಲಲಿಲ್ಲ, ಜನ ಬಿಟ್ಟು ಹೋಗಲಿಲ್ಲ, ಆಗಾಗ ದುರಸ್ತಿ ಆಗುತ್ತ ಬಂತು.

◆ ಗೋಪುರದ ಪ್ರತಿ ನೆಲೆಯ ಅಂಚೂ ಒಂದು ಸಣ್ಣ ಕಟ್ಟೆ. ಅಲ್ಲಿ ದೂಳು ಕೂರುತ್ತದೆ, ಪಾರಿವಾಳ ಕೂರುತ್ತದೆ, ನೀರು ನಿಲ್ಲುತ್ತದೆ. ಹಣ್ಣು ತಿಂದ ಹಕ್ಕಿ ಅರಳಿ, ಆಲ, ಅತ್ತಿಯ ಬೀಜವನ್ನು ಗೊಬ್ಬರದ ಜೊತೆಗೇ ಹಾಕಿ ಹೋಗುತ್ತದೆ. ಸಾಸಿವೆಗಿಂತ ಸಣ್ಣ ಬೀಜ. ಬೇರು ಗಾರೆಯ ಸಂದಿನಲ್ಲಿ ಕೂದಲಿನಂತೆ ನುಗ್ಗಿ, ದಪ್ಪವಾಗುತ್ತ ಇಟ್ಟಿಗೆಗಳನ್ನು ಬೇರ್ಪಡಿಸುತ್ತದೆ. ಕತ್ತಿಯಿಂದ ಕೊಯ್ದು ಬಿಟ್ಟರೆ ಪ್ರಯೋಜನವಿಲ್ಲ, ಬುಡ ಇನ್ನಷ್ಟು ದಪ್ಪವಾಗಿ ನಾಲ್ಕು ಕವಲು ಒಡೆಯುತ್ತದೆ. ಎಳೆಯದಿದ್ದಾಗಲೇ ಬೇರು ಸಮೇತ ತೆಗೆಯಬೇಕು. ಬಲಿತದ್ದಾದರೆ ಬೇರನ್ನು ಮದ್ದಿಟ್ಟು ಸಾಯಿಸಿ, ಅದು ಒಣಗಿದ ಮೇಲೆ ಸಂದು ತುಂಬಬೇಕು. ಹಸಿ ಬೇರನ್ನು ಜಗ್ಗಿದರೆ ಅದರ ಜೊತೆಗೆ ಗೋಪುರವೂ ಬರುತ್ತದೆ. ನಿಮ್ಮ ಮನೆಯ ಕುಂಬಿಯಲ್ಲಿ ಎರಡೆಲೆಯ ಅರಳಿ ಸಸಿ ಕಂಡರೆ ಇವತ್ತೇ ತೆಗೆಯಿರಿ. ದೇವರ ಗಿಡ ಎಂದು ಅಂಜುವವರು ಕುಂಡದಲ್ಲಿ ನೆಟ್ಟು, ಆಮೇಲೆ ಊರ ಕಟ್ಟೆಗೆ ಕೊಡಲಿ.

◆ ಹಂಪಿಯ ಮಂಟಪಗಳ ಕಲ್ಲು ಚಪ್ಪಡಿಯ ಮೇಲೆ ಕಣ್ಣಿಗೆ ಬೀಳದ ಒಂದು ಹೊದಿಕೆ ಇರುತ್ತದೆ: ಇಟ್ಟಿಗೆ ಚೂರು, ಸುಣ್ಣ, ಮರಳು ಬೆರೆಸಿ ಬಡಿದು ಇಳಿಜಾರು ಕೊಟ್ಟ ಗಾರೆಯ ಪದರ. ಚಪ್ಪಡಿ ನೀರು ಕುಡಿಯದಿದ್ದರೂ ಎರಡು ಚಪ್ಪಡಿಯ ನಡುವಿನ ಸಂದು ಕುಡಿಯುತ್ತದೆ. ಆ ಪದರ ಹೋದರೆ ಮಂಟಪ ತಲೆಯ ಮೇಲಿನ ಕೊಡೆ ಕಳೆದುಕೊಂಡಂತೆ. 2024ರ ಮೇ ತಿಂಗಳಲ್ಲಿ ಮಳೆಯ ನಂತರ ವಿರೂಪಾಕ್ಷ ದೇವಾಲಯದ ಮುಂದಿನ ರಥಬೀದಿಯ ಸಾಲುಮಂಟಪದ ಒಂದು ಭಾಗ ಕುಸಿದು ಬಿತ್ತು. ಮರುದಿನ ಆ ಬಿದ್ದ ಕಂಬಗಳ ಚಿತ್ರ ನೋಡಿ ನಮ್ಮೂರಿನಲ್ಲಿ ಮಾತಾಡದವರಿಲ್ಲ, ಮನೆಯ ಹಿರಿಯರು ಬಿದ್ದ ಸುದ್ದಿ ಕೇಳಿದಂತಿತ್ತು.

◆ ಸುಣ್ಣ ತನ್ನ ಗಾಯವನ್ನು ತಾನೇ ಮಾಯಿಸಿಕೊಳ್ಳುತ್ತದೆ. 100 ಕಿಲೋ ಶುದ್ಧ ಸುಣ್ಣಕಲ್ಲನ್ನು ಸುಟ್ಟರೆ 44 ಕಿಲೋ ಗಾಳಿಗೆ ಹೋಗಿ 56 ಕಿಲೋ ಸುಟ್ಟ ಸುಣ್ಣ ಉಳಿಯುತ್ತದೆ. ನೀರು ಹಾಕಿ ಅರಳಿಸಿ, ಅರೆದು ಗೋಡೆಗೆ ಹಚ್ಚಿದ ಮೇಲೆ ಅದು ಕಳೆದುಕೊಂಡ ಇಂಗಾಲದ ಡೈ ಆಕ್ಸೈಡನ್ನೇ ಗಾಳಿಯಿಂದ ಮತ್ತೆ ಎಳೆದುಕೊಂಡು ನಿಧಾನಕ್ಕೆ ಕಲ್ಲಾಗುತ್ತದೆ. ಸಣ್ಣ ಬಿರುಕು ಬಿಟ್ಟರೆ ಒಳಗೆ ಹೋದ ನೀರು ಒಂದಿಷ್ಟು ಸುಣ್ಣ ಕರಗಿಸಿ ಬಿರುಕಿನ ಬಾಯಲ್ಲೇ ಬಿಡುತ್ತದೆ, ಸೀಳು ಕೂಡಿಕೊಳ್ಳುತ್ತದೆ. ಆದರೆ ಇದೇ ಕರಗುವ ಗುಣ ಅದರ ಸಾವಿಗೂ ಕಾರಣ. ಶುದ್ಧವಾದ ಮಳೆ ನೀರು ಕೂಡ ಗಾಳಿಯ ಇಂಗಾಲದ ಡೈ ಆಕ್ಸೈಡ್ ಬೆರೆತು ತುಸು ಹುಳಿ. ನೂರಾರು ವರ್ಷ ಅದೇ ನೀರು ಅದೇ ಅಂಚಿನ ಮೇಲೆ ಹರಿದರೆ ಗಾರೆ ಸಕ್ಕರೆ ಅಚ್ಚಿನಂತೆ ಸವೆಯುತ್ತದೆ.

◆ ಹಳೆಯ ಗಾರೆಗೆ ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಬೆರೆಸುತ್ತಿದ್ದರು. ಸ್ಮಾರಕಗಳ ದುರಸ್ತಿಯಲ್ಲಿ ಇವತ್ತಿಗೂ ಬೆರೆಸುತ್ತಾರೆ. ಸುಟ್ಟ ಜೇಡಿಯ ಪುಡಿ ಸೇರಿಸಿದರೆ ಅದು ಸುರ್ಕಿ ಗಾರೆ, ನೀರಿನಲ್ಲಿ ಇದ್ದೇ ಗಟ್ಟಿಯಾಗಬಲ್ಲದು. ಹೊಸಪೇಟೆಯ ತುಂಗಭದ್ರಾ ಅಣೆಕಟ್ಟೆಯ ಕಲ್ಲುಗಳ ನಡುವೆ ಬಳಸಿದ್ದೂ ಸುರ್ಕಿ ಬೆರೆತ ಗಾರೆ.

◆ ಚಳಿ ದೇಶಗಳಲ್ಲಿ ಚಿಮಣಿಯ ನೆತ್ತಿಯನ್ನು ಒಡೆಯುವುದು ಹಿಮ. ನೀರು ಹೆಪ್ಪುಗಟ್ಟಿದಾಗ ಸುಮಾರು ಶೇ 9ರಷ್ಟು ಹಿಗ್ಗುತ್ತದೆ, ಇಟ್ಟಿಗೆಯ ಮುಖ ಸಿಪ್ಪೆಯಂತೆ ಹಾರುತ್ತದೆ. ನಮ್ಮಲ್ಲಿ ಆ ಕೆಲಸವನ್ನು ಉಪ್ಪು ಮಾಡುತ್ತದೆ. ನೆಲದಲ್ಲಿ, ನೀರಿನಲ್ಲಿ, ಕೆಲವೊಮ್ಮೆ ಇಟ್ಟಿಗೆಯ ಮಣ್ಣಿನಲ್ಲೇ ಇದ್ದ ಉಪ್ಪು ನೀರಿನ ಜೊತೆ ಮೇಲ್ಮೈಗೆ ಬರುತ್ತದೆ. ನೀರು ಆರುತ್ತದೆ, ಉಪ್ಪು ಹರಳುಗಟ್ಟುತ್ತದೆ. ಗೋಡೆಯ ಹೊರಗೆ ಹರಳಾದರೆ ಬಿಳಿ ಹಿಟ್ಟು, ಒರೆಸಿದರೆ ಹೋಗುತ್ತದೆ. ಚರ್ಮದ ಒಳಗೆ ಹರಳಾದರೆ ಇಟ್ಟಿಗೆ ಪುಡಿ ಪುಡಿಯಾಗಿ ಉದುರುತ್ತದೆ. ಮಾಳಿಗೆಯನ್ನು ಕಾಯುವ ಸವಳು ಮಣ್ಣೇ ಕುಂಬಿಯ ಇಟ್ಟಿಗೆಯ ಬುಡವನ್ನು ತಿನ್ನುವುದು ಹೀಗೆ. ಒಂದೇ ಉಪ್ಪು, ಎರಡು ಗುಣ.

◆ ನಮ್ಮ ಇನ್ನೊಂದು ಹಿಮ ಎಂದರೆ ಬಿಸಿಲು. 30 ಅಡಿ ಉದ್ದದ ಕಾಂಕ್ರೀಟ್ ಚಾವಣಿ 30 ಡಿಗ್ರಿ ಹೆಚ್ಚು ಕಾದರೆ ಸುಮಾರು 3 ಮಿಲಿಮೀಟರ್ ಉದ್ದವಾಗುತ್ತದೆ. ಕೇಳಲು ಸಣ್ಣದು. ಮಧ್ಯಾಹ್ನ ಉದ್ದವಾಗಿ ರಾತ್ರಿ ಗಿಡ್ಡವಾಗುವ ಚಾವಣಿ ವರ್ಷಕ್ಕೆ 365 ಸಲ ಕುಂಬಿಯ ಬುಡವನ್ನು ಹೊರಗೆ ತಳ್ಳಿ ಒಳಗೆ ಎಳೆಯುತ್ತದೆ. ಅದಕ್ಕೇ ಹೊಸ ಮನೆಗಳ ಕುಂಬಿ ಮತ್ತು ಚಾವಣಿ ಕೂಡುವ ಕಡೆ ಉದ್ದಕ್ಕೆ ಒಂದು ಗೆರೆ ಬಿರುಕು ಕಾಣುತ್ತದೆ. ರೋಹಿಣಿ ಮಳೆ ಇನ್ನೂ ಕೆಟ್ಟದ್ದು. ಕೈ ಇಡಲಾಗದಷ್ಟು ಕಾದ ನೆತ್ತಿಯ ಮೇಲೆ ತಣ್ಣೀರು ಒಮ್ಮೆಲೇ ಸುರಿಯುತ್ತದೆ. ಮೇಲ್ಮೈ ಕುಗ್ಗುತ್ತದೆ, ಒಳಗಿನದು ಇನ್ನೂ ಹಿಗ್ಗಿಯೇ ಇರುತ್ತದೆ. ಸುಟ್ಟ ಬಂಡೆಗೆ ನೀರು ಸುರಿದು ಸೀಳುವ ಕಲ್ಲು ಒಡ್ಡರ ಹಳೆಯ ವಿದ್ಯೆ ಇದೇ.

◆ ಬಡಿಯುವ ಮಳೆಗಿಂತ ಜಿಟಿಜಿಟಿ ಮಳೆ ಹೆಚ್ಚು ಒಳಗೆ ಬರುತ್ತದೆ. ಬಡಿಯುವ ಮಳೆ ದೋಣಿಯಿಂದ ಜಿಗಿದು ಹೋಗುತ್ತದೆ. ಉತ್ತರಿ, ಹಸ್ತ, ಚಿತ್ತಿಯ ಮೂರು ದಿನ ಬಿಡದ ಹನಿ ಹರಿಯುವುದೂ ಇಲ್ಲ, ಆರುವುದೂ ಇಲ್ಲ, ಕೂತು ಇಂಗುತ್ತದೆ. ಮೆಟ್ರಿಯಲ್ಲಿ ಮಾಳಿಗೆ ಬಿದ್ದ ಸುದ್ದಿ ಸಾಮಾನ್ಯವಾಗಿ ಮಳೆ ಜೋರಾಗಿದ್ದ ರಾತ್ರಿಯದಲ್ಲ, ಮಳೆ ನಿಂತ ಮರುದಿನದ್ದು.

◆ ಚಿಮಣಿಯ ತಲೆ, ಕುಂಬಿಯ ತಲೆ ಬೇಗ ಕೆಡಲು ಎಲ್ಲಕ್ಕಿಂತ ಸಾಮಾನ್ಯವಾದ ಕಾರಣ ಒಂದು ಸಂಜೆ. ಗೌಂಡಿ ಕೊನೆಯ ಸಾಲು ಇಟ್ಟಿಗೆ ಇಟ್ಟ ಮೇಲೆ ಬಾಣಲಿಯಲ್ಲಿ ಒಂದಿಷ್ಟು ಮಾಲು ಉಳಿದಿರುತ್ತದೆ. ಕಲಸಿ ಬಹಳ ಹೊತ್ತಾಗಿದೆ, ಸೆಟೆಯಲು ಶುರುವಾಗಿದೆ, ಅದನ್ನು ಬಿಸಾಡಲು ಮನಸ್ಸಿಲ್ಲ. ಇನ್ನೆರಡು ತಂಬಿಗೆ ನೀರು ಹೊಯ್ದು ಕಲಸಿ, ಕರಣಿಯಲ್ಲಿ ನೆತ್ತಿಗೆ ಸವರಿ ಕೆಳಗಿಳಿಯುತ್ತಾರೆ. ಇಡೀ ಗೋಡೆಯಲ್ಲಿ ಎಲ್ಲಕ್ಕಿಂತ ಗಟ್ಟಿ ಮಾಲು ಬೇಕಾದ ಜಾಗಕ್ಕೆ ಎಲ್ಲಕ್ಕಿಂತ ಸತ್ತ ಮಾಲು ಬಿತ್ತು. ಮರುದಿನದಿಂದ ಅದಕ್ಕೆ ನೀರು ಉಣಿಸಲು ಯಾರೂ ಹತ್ತುವುದೂ ಇಲ್ಲ. ಸಿಮೆಂಟು ಒಣಗಿ ಗಟ್ಟಿಯಾಗುವುದಲ್ಲ, ನೀರು ಕುಡಿದು ಗಟ್ಟಿಯಾಗುವುದು. ಸಾಮಾನ್ಯ ಸಿಮೆಂಟಿನ ಕಾಂಕ್ರೀಟಿಗೆ ಕನಿಷ್ಠ 7 ದಿನ, ಬಿಸಿಲು ಮತ್ತು ಒಣಹವೆ ಇದ್ದಲ್ಲಿ ಕನಿಷ್ಠ 10 ದಿನ ನೀರು ಬೇಕು ಎಂದು ಮಾನಕ ಸಂಹಿತೆ ಹೇಳುತ್ತದೆ. ಬಳ್ಳಾರಿ ಸೀಮೆಯ ಬಿಸಿಲಿಗೆ ಎರಡನೆಯ ಲೆಕ್ಕವೇ ಅನ್ವಯ.

ಇದನ್ನು ಓದುವ ಗೌಂಡಿ ಅಣ್ಣಂದಿರು ಬೇಸರ ಮಾಡಿಕೊಳ್ಳಬಾರದು. ದಿನದ ಕೂಲಿಯ ಲೆಕ್ಕದಲ್ಲಿ ಕೆಲಸ ಮುಗಿಸುವ ಒತ್ತಡ ಮಾಲೀಕರದ್ದೇ. ನೆತ್ತಿಗೆಂದೇ ಬೇರೆ ಮಾಲು ಕಲಸಲು ಮಾಲೀಕರು ಹೇಳಬೇಕು, ಅದಕ್ಕೆ ಅರ್ಧ ದಿನದ ಕೂಲಿ ಹೆಚ್ಚು ಕೊಡಬೇಕು.

◆ ಕುಂಬಿಯ ನೆತ್ತಿ ಸಪಾಟಾಗಿ ಇರಬಾರದು, ಮಾಳಿಗೆಯ ಕಡೆಗೆ ಬಾಗಿರಬೇಕು. ಹೊರಕ್ಕೆ ಬಾಗಿಸಿದರೆ ನೆತ್ತಿಯ ದೂಳೆಲ್ಲ ಮುಂಗೋಡೆಯ ಮೇಲೆ ಕಪ್ಪು ಗೆರೆಯಾಗಿ ಇಳಿಯುತ್ತದೆ. ಚಿಮಣಿಗಾದರೆ ನಾಲ್ಕೂ ಕಡೆ ಬಾಗಿರಬೇಕು, ಅಂಚು ಗೋಡೆಗಿಂತ ಎರಡು ಇಂಚು ಹೊರಗೆ ಚಾಚಿರಬೇಕು.

◆ ಚಾಚಿದರೆ ಸಾಲದು. ನೀರಿಗೆ ಅಂಟುವ ಗುಣವಿದೆ. ಅಂಚು ಬಂದ ಕೂಡಲೇ ಬೀಳದೆ, ಅಂಚಿನ ಹೊಟ್ಟೆಯನ್ನು ಹಿಡಿದು ಒಳಕ್ಕೆ ನಡೆದು ಗೋಡೆ ಸೇರುತ್ತದೆ. ತಂಬಿಗೆಯಿಂದ ನಿಧಾನಕ್ಕೆ ನೀರು ಬಗ್ಗಿಸಿ ನೋಡಿ, ಧಾರೆ ಬೀಳುವುದಿಲ್ಲ, ತಂಬಿಗೆಯ ಮೈ ಹಿಡಿದು ಮೊಣಕೈಗೆ ಬರುತ್ತದೆ. ಅದಕ್ಕೇ ಅಂಚಿನ ಕೆಳಗೆ ಉದ್ದಕ್ಕೂ ಬೆರಳಗಲದ ಒಂದು ತೋಡು ಕೊರೆಯಬೇಕು. ನೀರು ಅಲ್ಲಿಗೆ ಬಂದು ದಾಟಲಾರದೆ ಹನಿಯಾಗಿ ಬೀಳುತ್ತದೆ. ಹಂಪಿಯ ಮಂಟಪಗಳ ಕಪೋತ ನೋಡಿದ್ದೀರಲ್ಲ, ಕಂಬಗಳ ಮೇಲಿನಿಂದ ಅಲೆಯಂತೆ ಬಾಗಿ ಹೊರಗೆ ಚಾಚುವ ಕಲ್ಲಿನ ಸೂರು? ತುಟಿಯಂತೆ ತುಸು ಮೇಲಕ್ಕೆ ತಿರುಗಿದ ಅದರ ತುದಿಯನ್ನು ಪ್ರವಾಸಿಗರು ಚೆಂದಕ್ಕೆಂದು ನೋಡುತ್ತಾರೆ. ಮಳೆ ಬರುವಾಗ ಅದರ ಕೆಳಗೆ ನಿಂತವರು ಮಾತ್ರ ಅದರ ಕೆಲಸ ನೋಡುತ್ತಾರೆ. ನೀರು ಮಂಟಪದ ಬುಡದ ಕಟ್ಟೆಯಿಂದ ಆಚೆ, ಮಾರು ದೂರಕ್ಕೆ ಪರದೆಯಂತೆ ಬೀಳುತ್ತದೆ. ಕೆಳಗಿನ ಕಂಬಗಳು ಒಣ.

◆ ಚಾವಣಿಗೆ 10 ಅಡಿಗೆ ಕನಿಷ್ಠ ಒಂದೂಕಾಲು ಇಂಚು ಇಳಿಜಾರು ಬೇಕು. ರಸಮಟ್ಟ ಇಟ್ಟು ‘ಬರಾಬರ್ ಸಮ ಐತಿ’ ಎನ್ನುವ ಚಾವಣಿ ಕೆಟ್ಟ ಚಾವಣಿ.

◆ ಕುಂಬಿಯಲ್ಲಿ ಹುಗಿದ ಕಬ್ಬಿಣದ ಸರಳು ತುಕ್ಕು ಹಿಡಿದರೆ, ಆ ತುಕ್ಕು ಮೂಲ ಕಬ್ಬಿಣದ ಎರಡರಿಂದ ಆರು ಪಟ್ಟು ಜಾಗ ಕೇಳುತ್ತದೆ. ಜಾಗ ಕೊಡದಿದ್ದರೆ ಒಡೆದು ತೆಗೆದುಕೊಳ್ಳುತ್ತದೆ. ಬಟ್ಟೆ ಒಣಗಿಸುವ ತಂತಿಗೆಂದು ಹುಗಿದ ಒಂದು ಕೊಕ್ಕೆ ಸಾಕು.

◆ ತೊಟ್ಟಿಕ್ಕುವ ಜಾಗದ ನೇರ ಮೇಲೆ ತೂತು ಇರುವುದು ಬಹಳ ಕಡಿಮೆ. ನೀರು ಜಂತಿ ಹಿಡಿದು, ತೊಲೆ ಹಿಡಿದು, ಮರದ ಗಂಟು ಸಿಕ್ಕಲ್ಲಿ ಬೀಳುತ್ತದೆ. ಒಳಗೆ ತೇವದ ಕಲೆಯ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದು ದಿನಾಂಕ ಬರೆಯಿರಿ. ಮುಂದಿನ ಮಳೆಗೆ ಯಾವ ದಿಕ್ಕಿಗೆ ಗೆರೆ ದಾಟಿದೆ ಎಂದು ನೋಡಿ. ನೀರಿನ ಮೂಲ ಹುಡುಕಲು ಅದೊಂದು ಸುಳಿವು. ಕಾಂಕ್ರೀಟ್ ಚಾವಣಿಯಾದರೆ ದೋಣಿಯ ಬಾಯಿ ಕಟ್ಟಿ ಎರಡು ಇಂಚು ನೀರು ನಿಲ್ಲಿಸಿ ಒಂದು ದಿನ ಕಾಯಬಹುದು. ಮಣ್ಣಿನ ಮಾಳಿಗೆಯ ಮೇಲೆ ಆ ಪರೀಕ್ಷೆ ಬೇಡವೇ ಬೇಡ.

◆ ಸೋರುವ ಮಾಳಿಗೆಯನ್ನು ತತ್ವಪದಕ್ಕೆ ತಂದ ಶಿಶುನಾಳ ಶರೀಫರು 19ನೇ ಶತಮಾನದವರು, ಮಣ್ಣಿನ ಮಾಳಿಗೆಗಳ ಸೀಮೆಯವರು. ಹಾಡು ಆತ್ಮದ ಬಗ್ಗೆ ಇರಬಹುದು, ಆದರೆ ಜಂತಿ ಮುರಿಯುವ ಭಯ ಮನೆಯೊಳಗೆ ಮಲಗಿದವರಿಗೆ ಮಾತ್ರ ಗೊತ್ತಿರುವಂಥದ್ದು.

◆ ಮೆಟ್ರಿಯಂಥ ಊರುಗಳ ಹಳೆಯ ಓಣಿಯಲ್ಲಿ ಮನೆಗಳಿಗೆ ಬೇರೆ ಬೇರೆ ಗೋಡೆ ಇರುವುದಿಲ್ಲ. ನಿಮ್ಮ ಮನೆಯ ಎಡಗೋಡೆಯೇ ಪಕ್ಕದವರ ಬಲಗೋಡೆ. ಮಾಳಿಗೆಯ ಮೇಲೆ ಹತ್ತಿದರೆ ಓಣಿಯ ಈ ತುದಿಯಿಂದ ಆ ತುದಿಗೆ ಕುಂಬಿ ದಾಟುತ್ತ ನಡೆಯಬಹುದು. ಆದ್ದರಿಂದ ಒಬ್ಬರ ನೆತ್ತಿಯಲ್ಲಿ ಇಳಿದ ನೀರು ಇಬ್ಬರ ಗೋಡೆ ನೆನೆಸುತ್ತದೆ.

ದುಡಿಯಲು ಗುಳೆ ಹೋಗುವವರು ಬಾಗಿಲಿಗೆ ಬೀಗ ಹಾಕುತ್ತಾರೆ. ನೆತ್ತಿಗೆ ಬೀಗವಿಲ್ಲ. ಒಲೆ ಆರಿದ ಮನೆ, ಹುಲ್ಲು ಕೀಳುವವರಿಲ್ಲದ ಮಾಳಿಗೆ, ಗಾಳಿಗೆ ಸರಿದ ಗವಾಕ್ಷಿಯ ಚಪ್ಪಡಿ. ಎರಡು ಮಳೆಗಾಲ ಹೀಗೇ ಕಳೆದರೆ ಮೂರನೆಯದಕ್ಕೆ ಜಂತಿ ಉಳಿಯುವುದು ಕಷ್ಟ. ಕಳೆದ ಹಸ್ತ ಮಳೆ ಹಿಡಿದ ಸಂಜೆ ನಾನು ಊರಲ್ಲಿದ್ದೆ. ನಮ್ಮ ಗವಾಕ್ಷಿ ಮುಚ್ಚಲು ಹತ್ತಿದಾಗ ಮೂರು ಮನೆ ಆಚೆ, ಬೀಗ ಹಾಕಿದ ಮನೆಯ ಮಾಳಿಗೆಯ ಮೇಲೆ ಓಣಿಯ ದೊಡ್ಡವ್ವ ಒಬ್ಬರು ಕೂತಿದ್ದರು. ತಲೆಯ ಮೇಲೆ ಗೊಬ್ಬರದ ಚೀಲ ಕೊಪ್ಪೆ ಮಾಡಿಕೊಂಡಿದ್ದರು. ದೋಣಿಯ ಬಾಯಿಂದ ಎರಡು ಹಿಡಿ ಕಸ ಎತ್ತಿ ಹಾಕಿ, ಗಡಿಗೆಯ ಸುತ್ತ ಅಂಗೈಯಿಂದ ಹಸಿ ಮಣ್ಣು ಒತ್ತುತ್ತಿದ್ದರು.

“ಯಾಕ ದೊಡ್ಡವ್ವ, ಅವರು ಬಂದಾರೇನು?” ಎಂದು ಕೂಗಿದೆ.

“ಇಲ್ಲಪಾ, ದೀಪಾವಳಿಗೆ ಬರ್ತಾರಂತ,” ಎಂದು ಹೇಳಿ, ಚಪ್ಪಡಿಯನ್ನು ಎರಡೂ ಕೈಯಲ್ಲಿ ಎಳೆದು ಗಡಿಗೆಯ ಬಾಯಿಗೆ ಮುಚ್ಚಿದರು.